ಬಾಲ ಕತ್ತರಿಸುವ ಮುನ್ನ

ಹೆಣಿಗೆ ಮುಗಿಯಿತು ಅಂತ ನೀವು ಹೇಳುವುದು ಯಾವಾಗ? ಕೊನೆಯ ಕುಣಿಕೆಯೊಳಗಿಂದ ದಾರ ಎಳೆದು, ಕತ್ತರಿ ಆಡಿಸಿ, ‘ಅಬ್ಬಾ, ಮುಗೀತಪ್ಪಾ’ ಅಂತ ಬೆನ್ನು ನೇರ ಮಾಡಿದಾಗ ತಾನೇ? ಅಲ್ಲಿಂದ ಮುಂದೆ ಫೋಟೋ ತೆಗೆಯುವುದು, ಅಕ್ಕತಂಗಿಯರ ವಾಟ್ಸಾಪ್ ಗ್ರೂಪಿಗೆ ಹಾಕುವುದು, ‘ಎಷ್ಟು ಚೆನ್ನಾಗಿದೆ, ನನಗೂ ಒಂದು ಮಾಡಿಕೊಡೇ’ ಅನ್ನಿಸಿಕೊಳ್ಳುವುದು. ಎಲ್ಲ ಸರಿ. ಆದರೆ ಅದನ್ನೇ ಒಮ್ಮೆ ಮಗುಚಿ ಹಾಕಿ ನೋಡಿ. ಹಿಂಬದಿಯಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು, ಹಸಿರು, ಹಳದಿ ದಾರದ ತುಂಡುಗಳು ಬೆಕ್ಕಿನ ಮೀಸೆ ಹಾಗೆ ನಿಂತಿರುತ್ತವೆ. ಕ್ರೋಶಾ ಹಾಕುವವರು ಅದನ್ನು ‘ಬಾಲ’ ಅಂತ ಕರೆಯುವುದುಂಟು. ಈ ವಾರ ಆ ಬಾಲದ್ದೇ ಮಾತು.

‘ಇಷ್ಟೇನಾ! ಒಂದು ಗಂಟು ಹಾಕಿ ಕತ್ತರಿಸಿದರೆ ಆಯ್ತಪ್ಪ’ ಅಂತೀರಾ? ಬಹಳ ಮಂದಿ ಮಾಡುವುದು ಅದನ್ನೇ. ಮೂರು ತಿಂಗಳು ಬಿಟ್ಟು ಅವರ ಮನೆಗೆ ಹೋಗಿ ನೋಡಿ. ಬಾಗಿಲ ತೋರಣದ ನಡುವಿನ ಹೂವು ಬಾಯಿ ಬಿಟ್ಟಿರುತ್ತದೆ, ಸೋಫಾ ಮೇಲಿನ ಹೊದಿಕೆಯ ಅಂಚಿನಲ್ಲಿ ಉದ್ದನೆಯ ದಾರ ನೇತಾಡುತ್ತಿರುತ್ತದೆ. ಮನೆಗೆ ಬಂದ ಯಾವುದೋ ಮಗು ಅದನ್ನು ಎಳೆದು ಆಡುತ್ತಿರುತ್ತದೆ. ತಿಂಗಳುಗಟ್ಟಲೆ ಕೂತು ಹಾಕಿದ್ದು, ಬಿಚ್ಚಿಕೊಳ್ಳುವುದಕ್ಕೆ ಮಾತ್ರ ಅರ್ಧ ಗಂಟೆ ಸಾಕು.

ಮೊದಲು ಒಂದು ಲೆಕ್ಕ ಹಾಕೋಣ. ಗ್ರಾನಿ ಸ್ಕ್ವೇರ್ ಗೊತ್ತಲ್ಲ, ಚೌಕ ಚೌಕವಾಗಿ ಹಾಕಿ ಆಮೇಲೆ ಜೋಡಿಸುವುದು. ಒಂದು ಚೌಕಕ್ಕೆ ನಾಲ್ಕು ಬಣ್ಣ ಅಂದುಕೊಳ್ಳಿ. ಪ್ರತಿ ಬಣ್ಣಕ್ಕೂ ಶುರುವಿನಲ್ಲೊಂದು ಬಾಲ, ಕೊನೆಯಲ್ಲೊಂದು ಬಾಲ. ಅಲ್ಲಿಗೆ ಚೌಕಕ್ಕೆ ಎಂಟಾಯಿತು. ಕೂಸಿಗೆ ಹೊದೆಸುವ ಸಾಧಾರಣ ಹೊದಿಕೆಗೆ 48 ಚೌಕ ಅಂದರೆ 384 ಬಾಲ. ಜೋಡಿಸುವಾಗ ಬರುವ ತುದಿಗಳನ್ನು ಇನ್ನೂ ಸೇರಿಸಿಲ್ಲ. ಒಂದೊಂದನ್ನು ನೀಟಾಗಿ ಒಳಗೆ ಸೇರಿಸಲು ಒಂದೂವರೆ ನಿಮಿಷ ಅಂದರೂ ಒಂಬತ್ತೂವರೆ ಗಂಟೆ ಮೀರಿತು! 2016ರ ಜನವರಿ 31ರಂದು ಚೆನ್ನೈನಲ್ಲಿ ಮದರ್ ಇಂಡಿಯಾಸ್ ಕ್ರೋಶಾ ಕ್ವೀನ್ಸ್ ಎಂಬ ಮಹಿಳೆಯರ ತಂಡ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತು. ಸುದ್ದಿ ಓದಿದಾಗ ಉಳಿದವರೆಲ್ಲ ಅದರ ಅಗಲಕ್ಕೆ ಬೆರಗಾದರು. ನನಗೆ ಮಾತ್ರ ಅದರ ಬಾಲಗಳ ಯೋಚನೆ ಬಂತು. ಕಡ್ಡಿ ಹಿಡಿದು ಅಭ್ಯಾಸವಿದ್ದವರಿಗೆ ಹಾಗೇ ತಾನೇ ಹೊಳೆಯುವುದು.

ಹೀಗೆ ಹತ್ತು ಗಂಟೆ ಹಿಡಿಯುವ ಕೆಲಸವನ್ನು ನಾವು ಕೆಲಸದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲ ಎಡವಟ್ಟೂ ಅಲ್ಲೇ ಶುರು. ಲೆಕ್ಕದಲ್ಲಿಲ್ಲದ ಕೆಲಸವನ್ನು ಕೊನೆಯ ದಿನ, ನಾಮಕರಣಕ್ಕೆ ಹೊರಡುವ ಅರ್ಧ ಗಂಟೆ ಮುಂಚೆ, ಒಲೆ ಮೇಲೆ ಸಾರು ಕುದಿಯುತ್ತಿರುವಾಗ ಮಾಡುತ್ತೇವೆ. ಆಗ ಗಂಟೇ ಗತಿ.

ಪುಟ್ಟ ಬೆರಳಿಗೆ ಸುತ್ತುವ ದಾರ

ತೋರಣ ಬಿಚ್ಚಿಕೊಂಡರೆ ಹೋಗಲಿ ಬಿಡಿ, ಇನ್ನೊಂದು ಹಾಕಿಕೊಳ್ಳಬಹುದು. ಕೂಸಿನ ಕಾಲುಚೀಲ, ಕೈಗವಸು, ಕುಲಾವಿಯ ವಿಷಯಕ್ಕೆ ಬಂದಾಗ ಮಾತ್ರ ನನ್ನ ದನಿ ಸ್ವಲ್ಪ ಏರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಕೆಲವೇ ತಿಂಗಳ ಕೂಸುಗಳಲ್ಲಿ ಕಾಣಿಸುವ ಒಂದು ತೊಂದರೆಯಿದೆ. ವೈದ್ಯರು ಇದನ್ನು ಹೇರ್ ಥ್ರೆಡ್ ಟೂರ್ನಿಕೆಟ್ ಅಂತಾರೆ. ಸಡಿಲವಾದ ಒಂದು ನೂಲಿನೆಳೆಯೋ, ಬಾಣಂತಿಯ ತಲೆಯಿಂದ ಉದುರಿದ ಕೂದಲೋ ಮಗುವಿನ ಕಾಲ್ಬೆರಳಿಗೆ ಅಥವಾ ಕೈಬೆರಳಿಗೆ ಸುತ್ತಿಕೊಳ್ಳುತ್ತದೆ. ಮಗು ಕಾಲು ಆಡಿಸಿದಷ್ಟೂ ಅದು ಬಿಗಿಯುತ್ತದೆ. ಬೆರಳು ಊದುತ್ತದೆ, ಊದಿದ ಮಾಂಸದೊಳಗೆ ಎಳೆ ಹುದುಗಿ ಕಣ್ಣಿಗೇ ಕಾಣದಂತಾಗುತ್ತದೆ. ರಕ್ತ ಓಡಾಡುವುದು ನಿಂತು, ತಡವಾದರೆ ಬೆರಳಿಗೇ ಅಪಾಯ. ಮಗುವಿಗೆ ಹೇಳಲು ಬಾಯಿಲ್ಲ, ಬರೀ ಅಳುತ್ತದೆ. ಹಾಲು ಕುಡಿದಿದೆ, ಬಟ್ಟೆ ಒದ್ದೆಯಾಗಿಲ್ಲ, ಎತ್ತಿಕೊಂಡರೂ ಸುಮ್ಮನಾಗುತ್ತಿಲ್ಲ. ಮನೆಯಲ್ಲಿ ಹೊಟ್ಟೆನೋವೇ ಇರಬೇಕು, ದೃಷ್ಟಿಯಾಗಿರಬೇಕು ಅಂತ ಮಾತು ನಡೆಯುತ್ತಿರುತ್ತದೆ. ಕಾಲುಚೀಲ ಬಿಚ್ಚಿ ಹತ್ತೂ ಬೆರಳು ನೋಡುವ ಯೋಚನೆ ಯಾರಿಗೂ ಬಂದಿರುವುದಿಲ್ಲ.

ಹೀಗೆ ಸಮಾಧಾನವಾಗದೆ ಅಳುವ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಕೆಂಪಗೆ ಊದಿದ್ದು, ಬುಡದಲ್ಲಿ ಗೀರಿನ ಹಾಗೆ ಕಂಡರೆ ತಡ ಮಾಡದೆ ಡಾಕ್ಟರ ಹತ್ತಿರ ಓಡಿ. ಒಳಗೆ ಹುದುಗಿದ ಎಳೆಯನ್ನು ಸೂಜಿಯಿಂದಲೋ ಬ್ಲೇಡಿನಿಂದಲೋ ಕೆದಕಿ ತೆಗೆಯುವ ಸಾಹಸ ಮನೆಯಲ್ಲಿ ಖಂಡಿತ ಬೇಡ.

ಇದು ಅಪರೂಪದ ತೊಂದರೆ, ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ನಾವು ಪ್ರೀತಿಯಿಂದ ಹಾಕಿಕೊಡುವ ಪುಟ್ಟ ಬೂಟಿಯ ಒಳಮೈಯಲ್ಲೇ ಬಾಲಗಳಿರುವುದು. ಹೊರಗೆ ಗುಲಾಬಿ ಹೂವು, ಸ್ಯಾಟಿನ್ ರಿಬ್ಬನ್ನು. ಬೆರಳು ತಾಗುವ ಜಾಗದಲ್ಲಿ ಸಡಿಲ ದಾರ! ಕೂಸಿಗೆ ಕೊಡುವ ಯಾವುದನ್ನೇ ಆಗಲಿ ಒಳಮೈ ಹೊರಗೆ ಮಾಡಿ, ಬೆಳಕಿಗೆ ಹಿಡಿದು, ನಿಮ್ಮ ಬೆರಳು ಒಳಗೆ ಹಾಕಿ ಆಡಿಸಿ. ನಿಮ್ಮ ಬೆರಳಿಗೆ ಏನಾದರೂ ಸಿಕ್ಕಿಕೊಂಡರೆ ಆ ಪುಟ್ಟ ಬೆರಳಿಗೂ ಸಿಕ್ಕಿಕೊಳ್ಳುತ್ತದೆ. ತುದಿ ಸಾಧ್ಯವಾದಷ್ಟೂ ಹೊರಮೈಯ ಅಂಚಿನ ಪಟ್ಟಿಯಲ್ಲೇ ಮುಗಿಯುವ ಹಾಗೆ ನೋಡಿಕೊಳ್ಳಿ. ಅಂಗಡಿಯಿಂದ ತಂದ ಕಾಲುಚೀಲಕ್ಕೂ ಈ ಪರೀಕ್ಷೆ ತಪ್ಪಿಸಬೇಡಿ.

ದಾರದ ಗುಣ ತಿಳಿದಿರಲಿ

ಬಾಲ ಯಾಕೆ ಜಾರಿ ಹೊರಗೆ ಬರುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ದಾರದಲ್ಲೇ ಇದೆ. ಅಂಗಡಿಯಲ್ಲಿ ‘ಉಲ್ಲನ್ ಕೊಡಿ’ ಅಂತ ಕೇಳಿ ತರುತ್ತೇವಲ್ಲ, ಬಣ್ಣಬಣ್ಣದ ಉಂಡೆ, ಅದರಲ್ಲಿ ಬಹುಪಾಲು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಚಿಕ್ಕಪೇಟೆಯಲ್ಲಿ ತಂದರೂ ಅಷ್ಟೇ, ನಿಮ್ಮ ಏರಿಯಾದ ಫ್ಯಾನ್ಸಿ ಸ್ಟೋರಿನಲ್ಲಿ ತಂದರೂ ಅಷ್ಟೇ. ಅಕ್ರಿಲಿಕ್ ಅಂದರೆ ಕೀಳು ಅಂತಲ್ಲ. ಅಗ್ಗ, ಬಣ್ಣ ಚೆನ್ನ, ಒಗೆಯಲು ಸುಲಭ, ಚುಚ್ಚುವುದಿಲ್ಲ. ಆದರೆ ನಯ, ಹಾಗಾಗಿ ಜಾರುತ್ತದೆ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ, ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅದಕ್ಕೇ ನಿಜವಾದ ಉಣ್ಣೆಯ ಬಾಲ ಸುಮ್ಮನೆ ಒಂದು ಸಲ ನುಸುಳಿಸಿದರೂ ಕಾಲಕ್ರಮೇಣ ಅಲ್ಲೇ ಅಂಟಿ ಕೂರುತ್ತದೆ. ಅಕ್ರಿಲಿಕ್‌ಗೆ ಆ ಹಿಡಿತವಿಲ್ಲ. ತೋರಣ, ಟೇಬಲ್ ಮ್ಯಾಟುಗಳಿಗೆ ಬಳಸುವ ಹೊಳಪಿನ ಹತ್ತಿ ದಾರವೂ ಅಕ್ರಿಲಿಕ್‌ನ ಹಾಗೇ ಜಾರುಗುಣದ್ದು.

ಯಾವ ದಾರ ಅಂತ ಅನುಮಾನ ಬಂದರೆ ಒಂದಿಂಚು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ ನೋಡಿ. ಮಕ್ಕಳು ಹತ್ತಿರ ಇರಬಾರದು. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಕಪ್ಪು ಮಣಿಯಂತೆ ಗಟ್ಟಿಯಾದರೆ ಅಕ್ರಿಲಿಕ್. ಆ ಗಟ್ಟಿ ಮಣಿ ನೋಡಿಯೇ ಕೆಲವರಿಗೆ ಹೊಳೆದಿರಬೇಕು, ಬಾಲವನ್ನು ಮೇಣದಬತ್ತಿಗೆ ಹಿಡಿದು ಸೀಲ್ ಮಾಡುವ ಉಪಾಯ. ಬ್ಯಾಗಿನ ಹಿಡಿಗೆ ಪರವಾಗಿಲ್ಲ. ಮೈಗೆ ಹಾಕುವ ಬಟ್ಟೆಗೆ ಮಾತ್ರ ಬೇಡವೇ ಬೇಡ, ಮುಳ್ಳಿನಂತೆ ಚುಚ್ಚುತ್ತದೆ. ಇನ್ನು ಅಂಟು ಹಚ್ಚುವವರೂ ಇದ್ದಾರೆ. ಮಕ್ಕಳ ಕ್ರಾಫ್ಟಿಗೆ ಬಳಸುವ ಬಿಳಿ ಅಂಟು ನೀರು ಬಿದ್ದರೆ ಮೆತ್ತಗಾಗಿ ಬಿಡುತ್ತದೆ, ಒಣಗಿದ ಜಾಗ ರಟ್ಟಿನ ಹಾಗಾಗುತ್ತದೆ. ಯಾಕೆ ಆ ಸಹವಾಸ?

ಹೋಗಿ, ಬಂದು, ಮತ್ತೆ ಹೋಗಿ

ಸರಿಯಾದ ಕ್ರಮ ಏನೂ ಬ್ರಹ್ಮವಿದ್ಯೆಯಲ್ಲ. ಮೊದಲನೆಯದು, ಬಾಲ ಉದ್ದವಾಗಿರಲಿ. ಎರಡಿಂಚು ಬಿಟ್ಟು ಕತ್ತರಿಸಿ ದಾರ ಉಳಿಸಿದೆ ಅಂದುಕೊಳ್ಳುವವರೇ ಹೆಚ್ಚು. ಕಡಿಮೆ ಅಂದರೂ ಆರಿಂಚು ಬೇಕು. ನಮ್ಮತ್ತೆಯವರದ್ದು ಸುಲಭದ ಅಳತೆ: ‘ಒಂದು ಗೇಣು ಬಿಡಮ್ಮ, ದಾರಕ್ಕೇನು ಬಂಗಾರದ ರೇಟೇ?’ ಎರಡನೆಯದು, ಮೊಂಡು ಮೂತಿಯ, ದೊಡ್ಡ ಕಣ್ಣಿನ ಉಲ್ಲನ್ ಸೂಜಿ. ಕ್ರೋಶಾ ಕಡ್ಡಿಯಿಂದಲೇ ಎಳೆದು ಸಿಕ್ಕಿಸುವುದು ಅವಸರದ ಕೆಲಸ, ಹೆಣಿಗೆಯ ಎಳೆಗಳು ಹಿಗ್ಗಿ ಆಕಾರ ಕೆಡುತ್ತದೆ.

ಬಾಲವನ್ನು ಸೂಜಿಗೆ ಪೋಣಿಸಿ, ಹಿಂಬದಿಯಲ್ಲಿ ಅದೇ ಸಾಲಿನ ಹೊಲಿಗೆಗಳ ಬುಡದಲ್ಲಿ ಎರಡಿಂಚು ನುಸುಳಿಸಿ. ಬಿಗಿಯಾಗಿ ಎಳೆಯಬೇಡಿ, ಬಟ್ಟೆ ಸುಕ್ಕಾಗುತ್ತದೆ. ಈಗ ಸೂಜಿ ತಿರುಗಿಸಿ. ಮೊದಲು ಸಿಗುವ ಒಂದು ಎಳೆ ಬಿಟ್ಟು, ಬಂದ ದಾರಿಯಲ್ಲೇ ಒಂದೂವರೆ ಇಂಚು ವಾಪಸ್ ಬನ್ನಿ. ಆ ಬಿಟ್ಟ ಎಳೆಯೇ ಕೊಂಡಿಯಾಗಿ ನಿಂತು ಬಾಲವನ್ನು ಹಿಡಿಯುತ್ತದೆ, ಅದನ್ನು ಬಿಡದೆ ತಿರುಗಿದರೆ ಸೂಜಿ ಬಂದ ದಾರಿಗೇ ದಾರವೂ ಹಿಂದೆ ಬಂದುಬಿಡುತ್ತದೆ. ಜಾರುವ ದಾರವಾದರೆ ಮೂರನೇ ಸಲ, ಈ ಬಾರಿ ಮೇಲಿನ ಸಾಲಿಗೆ ಹತ್ತಿ ಅಡ್ಡಕ್ಕೆ ಒಂದಿಂಚು. ಮೂರು ದಿಕ್ಕಿಗೆ ತಿರುಗಿದ ಬಾಲವನ್ನು ವಾಷಿಂಗ್ ಮಷೀನೂ ಸುಲಭಕ್ಕೆ ಎಳೆಯಲಾರದು. ಆಮೇಲೆ ಕತ್ತರಿ ಎತ್ತುವ ಮೊದಲು ಬಟ್ಟೆಯನ್ನು ಉದ್ದಕ್ಕೂ ಅಡ್ಡಕ್ಕೂ ನಾಲ್ಕೈದು ಸಲ ಜಗ್ಗಿ. ಎಲ್ಲಾದರೂ ಬಿಗಿಯಾಗಿದ್ದರೆ ಆಗಲೇ ಸಡಿಲವಾಗುತ್ತದೆ. ಈಗ ಅಕ್ಕಿಕಾಳಿನಷ್ಟು ಬಿಟ್ಟು ಕತ್ತರಿಸಿ, ಇನ್ನೊಮ್ಮೆ ಜಗ್ಗಿ. ತುದಿ ಒಳಗೆ ಹೋಗಿ ಮಾಯ.

ಬಣ್ಣಕ್ಕೆ ಬಣ್ಣವೇ ಜೋಡಿ. ಕೆಂಪು ಬಾಲವನ್ನು ಕೆಂಪು ಸಾಲಿನಲ್ಲೇ ಅಡಗಿಸಿ. ಬಿಳಿ ಸಾಲಿನ ಕೆಳಗೆ ಕೆಂಪು ದಾರ ಓಡಿಸಿದರೆ ಕಾಣುವುದಷ್ಟೇ ಅಲ್ಲ, ಬಣ್ಣ ಬಿಡುವ ದಾರವಾದರೆ ಮೊದಲ ಒಗೆತಕ್ಕೇ ಬಿಳಿಯೆಲ್ಲ ಗುಲಾಬಿ.

ಜಾಲರಿ ಥರದ ತೆಳು ಹೆಣಿಗೆಯಲ್ಲಿ ಅಡಗಿಸಲು ಜಾಗ ಎಲ್ಲಿ ಅಂತ ಕೇಳುವವರಿದ್ದಾರೆ. ಚೈನಿನ ಬಳೆಗಳ ಮೇಲೆ ದಾರ ಸುತ್ತಬೇಡಿ, ಅಲ್ಲಿ ದಪ್ಪಗೆ ಎದ್ದು ಕಾಣುತ್ತದೆ. ಕಂಬಗಳ ಪಕ್ಕದಲ್ಲೇ ಇಳಿಸಿಕೊಂಡು, ಒತ್ತಾಗಿ ಹೊಲಿಗೆ ಇರುವ ಹೂವಿನ ಭಾಗಕ್ಕೆ ಹೋಗಿ ಅಲ್ಲಿ ಮುಗಿಸಿ. ಅದೇ ಬಣ್ಣದ ಹೊಲಿಗೆ ದಾರದಲ್ಲಿ ಎರಡು ಸಣ್ಣ ಹೊಲಿಗೆ ಹಾಕಿಬಿಟ್ಟರೆ ನಿಶ್ಚಿಂತೆ.

ಒಂದು ಜಾಗಕ್ಕೆ ವಿಶೇಷ ಗಮನ ಬೇಕು. ದುಂಡಗಿನ ಯಾವುದನ್ನೇ ಮ್ಯಾಜಿಕ್ ರಿಂಗ್‌ನಿಂದ ಶುರು ಮಾಡಿದ್ದರೆ ನಡುವಿನ ತೂತು ಮುಚ್ಚಿರುವುದು ಆ ಒಂದು ಬಾಲದ ಬಲದಿಂದ ಮಾತ್ರ. ಉಳಿದ ಕಡೆ ಬಾಲ ಜಾರಿದರೆ ಬರೀ ಅಸಹ್ಯ, ಇಲ್ಲಿ ಜಾರಿದರೆ ಹೂವಿನ ನಡುವೆಯೇ ಕಿಟಕಿ! ತೋರಣದ ಹೂಗಳು ಬಾಯಿ ಬಿಡುವುದು ಹೀಗೇ. ಆ ಬಾಲವನ್ನು ಎಳೆದು ಬಿಗಿ ಮಾಡಿ, ಸುತ್ತಿನ ಬುಡದಲ್ಲೇ ಒಂದು ಪೂರ್ತಿ ಸುತ್ತು ಹೋಗಿ, ಎಳೆ ಬಿಟ್ಟು ತಿರುಗಿ ಎದುರು ದಿಕ್ಕಿನಲ್ಲಿ ಇನ್ನೊಂದು ಸುತ್ತು ಬನ್ನಿ.

ಹೆಣೆಯುತ್ತಾ ಹೆಣೆಯುತ್ತಲೇ ಬಾಲವನ್ನು ಹೊಲಿಗೆಯೊಳಗೆ ಮುಚ್ಚಿಕೊಂಡು ಹೋಗುವ ಪದ್ಧತಿ ಇದೆ. ಸಮಯ ಉಳಿಯುತ್ತದೆ, ನಾನೂ ಮಾಡುತ್ತೇನೆ. ಆದರೆ ಅದು ಒಂದೇ ದಿಕ್ಕಿಗೆ ಹೋದ ದಾರ, ಜಗ್ಗಿದರೆ ನೇರ ಹೊರಗೆ ಬರುತ್ತದೆ. ಎರಡಿಂಚು ಹಾಗೆ ಮುಚ್ಚಿ, ಉಳಿದ ತುದಿಯನ್ನು ಸೂಜಿಯಿಂದ ಒಂದು ಸಲ ಹಿಂದಕ್ಕೆ ತನ್ನಿ, ಸಾಕು. ಇನ್ನು ಅಪ್ಪಟ ಉಣ್ಣೆಯಾದರೆ ಬಾಲವೇ ಇಲ್ಲದ ಹಾಗೆ ಹೊಸ ಉಂಡೆ ಜೋಡಿಸಬಹುದು. ಎರಡೂ ತುದಿಗಳ ಎಳೆ ಬಿಡಿಸಿ, ಒಂದರ ಮೇಲೊಂದಿಟ್ಟು, ನೀರು ಚಿಮುಕಿಸಿ ಅಂಗೈಗಳ ನಡುವೆ ಬಿಸಿಯಾಗುವಷ್ಟು ಉಜ್ಜಿದರೆ ಎರಡೂ ಒಂದಾಗುತ್ತವೆ. ಅಕ್ರಿಲಿಕ್ ಆಗಲಿ ಹತ್ತಿಯಾಗಲಿ ಇದಕ್ಕೆ ಬಗ್ಗುವುದಿಲ್ಲ, ಮಷೀನಿನಲ್ಲಿ ಒಗೆಯಬಹುದು ಅಂತ ಬರೆದಿರುವ ಉಣ್ಣೆಯೂ ಅಷ್ಟೇ.

ಗಂಟಿನ ವಿಷಯ. ಗಂಟು ಹಾಕಲೇಬಾರದು ಅನ್ನುವ ಮಡಿವಂತಿಕೆ ನನಗಿಲ್ಲ. ಹತ್ತಿ ತುಂಬಿದ ಗೊಂಬೆಗೆ ಗಂಟು ಹಾಕಿ, ಬಾಲವನ್ನು ಸೂಜಿಯಿಂದ ಹೊಟ್ಟೆಯೊಳಗೆ ಎಳೆದುಕೊಂಡರೆ ಮುಗಿಯಿತು. ಆದರೆ ಬಟ್ಟೆಗೆ ಗಂಟೊಂದನ್ನೇ ನಂಬಬೇಡಿ. ಒಗೆದು ಒಗೆದು ಅದು ಮುಂಬದಿಗೆ ಇಣುಕುತ್ತದೆ, ಮೈಗೆ ಒತ್ತುತ್ತದೆ, ನಯವಾದ ದಾರದಲ್ಲಿ ತಾನಾಗಿಯೇ ಬಿಚ್ಚುತ್ತದೆ. ನಮ್ಮ ಧಾರವಾಡದ ಕಡೆಯ ಕಸೂತಿ ನೋಡಿ. ಇಳಕಲ್ ಸೀರೆಯ ಮೇಲೆ ಗೋಪುರ, ರಥ, ಆನೆ ಎಲ್ಲ ಮೂಡಿಸುವಾಗ ಗಂಟು ಹಾಕುವ ಪದ್ಧತಿಯೇ ಇಲ್ಲ. ಗವಂತಿ, ಮುರಗಿ ಹೊಲಿಗೆಗಳು ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣಬೇಕಲ್ಲ, ಗಂಟಿದ್ದರೆ ಹೇಗೆ ಕಂಡೀತು? ಅಷ್ಟು ಸೂಕ್ಷ್ಮದ ಕೆಲಸವೇ ಗಂಟಿಲ್ಲದೆ ನಿಲ್ಲುತ್ತದೆ ಅಂದಮೇಲೆ ನಮ್ಮ ದಪ್ಪ ದಾರದ ಹೊದಿಕೆ ನಿಲ್ಲದೇ ಇರುತ್ತದೆಯೇ?

ಆ ಹತ್ತು ಗಂಟೆಯ ಕೂಲಿ

ಈಗ ಮನೆಯಲ್ಲೇ ಕ್ರೋಶಾ ಹಾಕಿ ಮಾರುವ ಗೃಹಿಣಿಯರು ಬಹಳ ಆಗಿದ್ದಾರೆ. ಬೆಲೆ ಹೇಗೆ ಹಾಕ್ತೀರಿ ಅಂತ ಕೇಳಿದರೆ, ‘ದಾರದ ದುಡ್ಡು, ಮೇಲೊಂದಿಷ್ಟು’ ಅನ್ನುವ ಉತ್ತರವೇ ಜಾಸ್ತಿ. ಆ ‘ಮೇಲೊಂದಿಷ್ಟು’ ಎಷ್ಟು ಗಂಟೆಯದ್ದು? ‘ಅಯ್ಯೋ, ಟೀವಿ ನೋಡ್ತಾ ಹಾಕಿದ್ದು ಬಿಡಿ’ ಅಂತ ನಾವೇ ಹೇಳಿಬಿಡುತ್ತೇವೆ. ಕೊಳ್ಳುವವರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಇದು ಹೊಸ ಕಥೆಯಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರಕ್ಕೆ ಕ್ರೋಶಾ ಲೇಸು ಬಂದಿದ್ದು 19ನೇ ಶತಮಾನದಲ್ಲಿ, ಕ್ರೈಸ್ತ ಮಿಷನರಿಗಳ ಮೂಲಕ. ಅಲ್ಲಿನ ಮನೆಮನೆಯ ಹೆಂಗಸರು ಹೆಣೆದ ಲೇಸು ಸಮುದ್ರ ದಾಟಿ ವಿದೇಶದ ಅಂಗಡಿಗಳಿಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1982ರಲ್ಲಿ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’ ಪುಸ್ತಕ ಬರೆದರು. ಆ ಹೆಂಗಸರು ದಿನಕ್ಕೆ ಎಷ್ಟೋ ಗಂಟೆ ದುಡಿಯುತ್ತಿದ್ದರೂ ಅವರನ್ನು ಕೆಲಸಗಾರರು ಅಂತ ಯಾರೂ ಲೆಕ್ಕಕ್ಕೆ ತಂದಿರಲಿಲ್ಲ. ‘ಮನೆಯಲ್ಲಿ ಕೂತ ಗೃಹಿಣಿಯರು, ಬಿಡುವಿನಲ್ಲಿ ಮಾಡ್ತಾರೆ’ ಅನ್ನುವ ಮಾತಿನ ಮೇಲೇ ಕೂಲಿ ಅಷ್ಟು ಕಡಿಮೆ ಇತ್ತು, ಲಾಭ ಮಾರುವವರ ಪಾಲಾಗುತ್ತಿತ್ತು ಅನ್ನುವುದನ್ನು ಅವರು ತೋರಿಸಿಕೊಟ್ಟರು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಒಳ್ಳೆಯದೇ. ಆದರೆ ‘ಬಿಡುವಿನಲ್ಲಿ ಮಾಡಿದ್ದು’ ಅನ್ನುವ ಮಾತು ನಮ್ಮ ಬಾಯಲ್ಲೇ ಇನ್ನೂ ಉಳಿದಿದೆಯಲ್ಲ!

ಮುಂದಿನ ಆರ್ಡರಿಗೆ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಹೆಣೆದ ಗಂಟೆ ಒಂದು ಕಡೆ, ಬಾಲ ಸೇರಿಸಿ ಜೋಡಿಸಿ ಒಗೆದ ಗಂಟೆ ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಕೂಡಿಸಿ ಬೆಲೆ ಹೇಳಿ. ‘ಅಷ್ಟೊಂದು ಆಗಲ್ಲ’ ಅಂದವರಿಗೆ ಬೆಲೆ ಇಳಿಸುವ ಬದಲು ಬಣ್ಣ ಇಳಿಸಿ. ನಾಲ್ಕು ಬಣ್ಣದ ಚೌಕವನ್ನು ಎರಡು ಬಣ್ಣದಲ್ಲಿ ಹಾಕಿದರೆ 384 ಬಾಲ 192ಕ್ಕೆ ಇಳಿಯಿತು, ನಿಮಗೆ ಐದು ಗಂಟೆ ಹತ್ತಿರ ಉಳಿಯಿತು. ಪಟ್ಟೆಪಟ್ಟೆ ಹೊದಿಕೆಯಾದರೆ ಪ್ರತಿ ಪಟ್ಟೆಗೂ ದಾರ ಕತ್ತರಿಸದೆ ಅಂಚಿನಲ್ಲೇ ಮೇಲೆ ಕೊಂಡೊಯ್ಯಿರಿ, ಕೊನೆಯಲ್ಲಿ ಹಾಕುವ ಬಾರ್ಡರ್ ಅದನ್ನೆಲ್ಲ ಮುಚ್ಚುತ್ತದೆ. ಕೆಲಸ ತಗ್ಗಿಸುವುದಾದರೆ ಹೀಗೆ ತಗ್ಗಿಸಿ. ಬಾಲವನ್ನು ಕಚಕ್ ಅಂತ ಕತ್ತರಿಸಿ ಕೊಟ್ಟರೆ ಆ ಗಿರಾಕಿ ಎರಡನೇ ಸಲ ಬರುವುದಿಲ್ಲ. ಮತ್ತೆ, ಎಲ್ಲ ಚೌಕ ಮುಗಿಯಲಿ ಅಂತ ಕಾಯಬೇಡಿ. ಚೌಕ ಮುಗಿದ ತಕ್ಷಣ ಅದರ ಎಂಟು ಬಾಲ ಮುಗಿಸಿಯೇ ಮುಂದಿನದಕ್ಕೆ ಕಡ್ಡಿ ಹಾಕಿ. ಎಂಟು ಯಾರಿಗೂ ಭಾರವಲ್ಲ, ಮುನ್ನೂರೆಂಬತ್ತನಾಲ್ಕು ನೋಡಿದರೆ ಎಂಥವರಿಗೂ ಜ್ವರ ಬರುತ್ತದೆ.

ಕೊನೆಗೆ, ಮನೆಯಲ್ಲಿ ಈಗಾಗಲೇ ಇರುವ ಹಳೆಯವು. ಅಮ್ಮನೋ ಅಜ್ಜಿಯೋ ಹಾಕಿದ ಬಿಳಿ ಟೀವಿ ಕವರು, ತಟ್ಟೆ ಮೇಲೆ ಮುಚ್ಚುವ ಮಣಿ ಕಟ್ಟಿದ ಜಾಲರಿ ಬೀರುವಿನ ತಳದಲ್ಲಿ ಇದ್ದೇ ಇರುತ್ತವೆ. ತೆಗೆದು ನೋಡಿದರೆ ಎಲ್ಲೋ ಒಂದು ತುದಿ ಹೊರಬಂದಿರುತ್ತದೆ. ಅದನ್ನು ಎಳೆಯಲೂ ಬೇಡಿ, ‘ನೀಟಾಗಲಿ’ ಅಂತ ಕತ್ತರಿಸಲೂ ಬೇಡಿ. ಕ್ರೋಶಾ ಸಲೀಸಾಗಿ ಬಿಚ್ಚುವುದು ಮುಗಿಸಿದ ತುದಿಯಿಂದ, ಶುರು ಮಾಡಿದ ತುದಿ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ನಡುವೆ ಎಲ್ಲಾದರೂ ದಾರ ತುಂಡಾಗಿದ್ದರೆ ಮಾತ್ರ ಎರಡೂ ಕಡೆಗೆ ಬಿಚ್ಚುತ್ತದೆ. ತೆರೆದ ಕುಣಿಕೆ ಕಂಡ ಕೂಡಲೇ ಅದಕ್ಕೊಂದು ಸೇಫ್ಟಿ ಪಿನ್ ಚುಚ್ಚಿ ನಿಲ್ಲಿಸಿ, ರಿಪೇರಿ ಆಮೇಲೆ ನಿಧಾನವಾಗಿ ಆಗಲಿ. ಹೊರಬಂದ ಬಾಲ ಸೂಜಿಗೆ ಪೋಣಿಸಲಾಗದಷ್ಟು ಗಿಡ್ಡವಾಗಿದ್ದರೆ ಕ್ರಮ ತಿರುಗಿಸಿ. ಮೊದಲು ಖಾಲಿ ಸೂಜಿಯನ್ನು ಹೊಲಿಗೆಗಳ ಬುಡದಲ್ಲಿ ನುಸುಳಿಸಿ, ಕಣ್ಣು ಬಾಲದ ಪಕ್ಕಕ್ಕೆ ಬಂದು ನಿಲ್ಲುವ ಹಾಗೆ ಅಲ್ಲೇ ಬಿಡಿ. ಆಮೇಲೆ ಆ ಗಿಡ್ಡ ತುದಿಯನ್ನು ಕಣ್ಣಿಗೆ ಸಿಕ್ಕಿಸಿ ಸೂಜಿ ಎಳೆದುಕೊಳ್ಳಿ. ಅರ್ಧ ಇಂಚಿನ ಬಾಲವೂ ಒಳಗೆ ಹೋಗುತ್ತದೆ. ಹಳೆಯ ಹತ್ತಿ ದಾರ ಜೀರ್ಣವಾಗಿರುತ್ತದೆ, ಅದೇ ಬಣ್ಣದ ಹೊಲಿಗೆ ದಾರದಲ್ಲಿ ಮೇಲೆ ಎರಡು ಹೊಲಿಗೆ ಹಾಕಿ, ಬಕೆಟ್ಟಿನ ತಣ್ಣೀರಿನಲ್ಲಿ ಅದ್ದಿ ತೆಗೆದು, ಹಿಂಡದೆ ಟವೆಲ್ಲಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಿ.